ಗೊಂಡೆ ಹೂವಿಗೆ ಕಟ್ಟಿದ ಕೆಂಪು ಗಂಟು

ಪುತ್ತೂರು ದರ್ಬೆಯ ನಮ್ಮ ಅಡ್ಡರಸ್ತೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಬೇರೆಯವರ ಕಾಂಪೌಂಡಿನಿಂದ ಹೂ ಕೊಯ್ಯುವವರನ್ನು ಕಳ್ಳರು ಎನ್ನುವ ಪದ್ಧತಿ ಇಲ್ಲ. ದೇವರಿಗೆ ಎಂದ ಮೇಲೆ ಮುಗಿಯಿತು. ದಾಸವಾಳ, ನಂದಿಬಟ್ಟಲು, ಕರವೀರ, ಗೋಡೆಯಿಂದ ಆಚೆ ಇಣುಕಿದ್ದೆಲ್ಲ ಊರಿನ ಹೂ. ಗೋಡೆಯ ಒಳಗಿದ್ದರೂ ಕೈಗೆ ಎಟುಕಿದರೆ ಅದೂ ಊರಿನದೇ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿದಂತೆ ನಾನೂ ಎದುರು ಮನೆಯ ದಾಸವಾಳಕ್ಕೆ ಕೈ ಹಾಕಿದವಳೇ. ಆದ್ದರಿಂದ ಈ ವಿಷಯದಲ್ಲಿ ನ್ಯಾಯ ಹೇಳುವ ಮುಖ ನನಗಿಲ್ಲ. ಆದರೂ ಕಳೆದ ವರ್ಷ ನಾಲ್ಕು ಗೊಂಡೆ ಗಿಡಗಳ ಸಲುವಾಗಿ ನಾನು ಒಂದು ಕೆಲಸ ಮಾಡಿದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನದು ಮನೆಯಲ್ಲೇ ಹೊಲಿಗೆ ಕೆಲಸ. ಮಷಿನ್ ಇರುವುದು ರಸ್ತೆ ಕಡೆಯ ಕಿಟಕಿಯ ಹತ್ತಿರ. ಬೀಜ ಒಟ್ಟುಮಾಡುವ ಹುಚ್ಚು ಹಿಡಿದದ್ದೂ ಅದೇ ಮಷಿನಿನ ಎದುರು ಕೂತು. ಒಮ್ಮೆ ಒಣಗಿದ ಕಾಮಕಸ್ತೂರಿ ಗಿಡ ಕಿತ್ತು ಎಸೆಯುವಾಗ ಅದರ ತೆನೆ ಅಂಗೈಯಲ್ಲಿ ಉಜ್ಜಿಹೋಗಿ, ಕತ್ತರಿಸಿಟ್ಟ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಕಪ್ಪು ಕಾಳುಗಳು ಉದುರಿದವು. ಎಳ್ಳಿಗಿಂತ ಸಣ್ಣವು. ಒಂದನ್ನು ಲೋಟದ ನೀರಿಗೆ ಹಾಕಿದೆ. ಐದು ನಿಮಿಷದೊಳಗೆ ಅದು ಸುತ್ತ ಲೋಳೆ ಕಟ್ಟಿಕೊಂಡು ಕಪ್ಪೆಯ ಮೊಟ್ಟೆಯ ಹಾಗೆ ಉಬ್ಬಿತು. ಇಷ್ಟು ವರ್ಷ ಬೇಸಿಗೆಯಲ್ಲಿ ಇದೇ ಕಾಳನ್ನು ಪಾನಕಕ್ಕೆ ಹಾಕಿ ಕುಡಿದಿದ್ದೆ, ಅದು ಬೀಜ ಎಂಬುದು ತಲೆಗೆ ಹೋಗಿರಲಿಲ್ಲ. ಆ ದಿನ ಹೊಲಿಯಬೇಕಾದ ಎರಡು ರವಕೆ ಹಾಗೆಯೇ ಉಳಿದವು.

ಆಮೇಲೆ ಹುಕ್ಕು ಮತ್ತು ಬಟನ್ ಇಡುವ ನನ್ನ ಡಬ್ಬಿಗಳು ಒಂದೊಂದೇ ಬೀಜದ ಪಾಲಾದವು. ಶಂಖಪುಷ್ಪದ ಕೋಡನ್ನು ಬಿಸಿಲಿಗಿಟ್ಟರೆ ಅದು ಟಪ್ ಎಂದು ಸೀಳಿ ಎರಡೂ ಸಿಪ್ಪೆ ಹುರಿಯಾಗುತ್ತದೆ. ಕರ್ಣಕುಂಡಲದ ಕಾಯಿಗೆ ಬೆರಳು ತಾಗಿಸಿದರೆ ಸಾಕು, ಬೀಜ ನಾಲ್ಕು ಮಾರು ಆಚೆ. ಸಂಜೆಮಲ್ಲಿಗೆಯ ಬೀಜ ನೋಡಲು ಕರಿಮೆಣಸು. ನನ್ನ ಗಂಡ ಅದನ್ನು ಸಾರಿಗೆ ಕುಟ್ಟಲು ಹೊರಟದ್ದೂ ಉಂಟು. ಬಲಿತಿದೆಯೋ ಇಲ್ಲವೋ ಎಂಬುದು ಕಾಯಿಗೆ ಹೇಗೆ ಗೊತ್ತಾಗುತ್ತದೆ, ಒಳಗೆ ಮೊದಲು ಕಪ್ಪಾಗುವುದು ಯಾವ ತುದಿ ಎಂದು ನನಗೆ ತಿಳಿಯಲೇಬೇಕು. ಅದಕ್ಕಾಗಿ ದಿನಕ್ಕೊಂದು ಎಳೆಕಾಯಿ ಬಿಡಿಸಿ ನೋಡುತ್ತೇನೆ. ಕೊನೆಗೆ ಬೀಜಕ್ಕೆ ಉಳಿಯುವುದು ಎರಡೋ ಮೂರೋ. ಕಾಯುವುದೆಂದರೆ ನನಗೆ ಮೈಗೆ ಒಗ್ಗದ ಕೆಲಸ. ಸುಮ್ಮನಿರಲಾರದ ಈ ಬುದ್ಧಿಗೆ ಗಂಡ ನನ್ನನ್ನು ಎಷ್ಟು ಗೇಲಿ ಮಾಡಿದ್ದಾರೋ ಲೆಕ್ಕವಿಲ್ಲ.

ಆ ಗೊಂಡೆ ಸಿಕ್ಕಿದ್ದು ಅರಂತೋಡಿನಲ್ಲಿ. ಗೊಂಡೆ ಎಂದರೆ ಘಟ್ಟದ ಮೇಲಿನವರು ಚೆಂಡುಹೂ ಎನ್ನುವುದು. ಮೇ ತಿಂಗಳಲ್ಲಿ ನೆಂಟರ ಹೊಸ ಮನೆಯ ಒಕ್ಕಲು ಮುಗಿಸಿ ಸುಳ್ಯ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಬಾಳೆಗೊನೆ ತೂಗುಹಾಕಿ, ಲಿಂಬೆ ಶರಬತ್ತು ಮಾಡಿಕೊಡುವ ಒಂದು ಸಣ್ಣ ಅಂಗಡಿ. ಅದರ ಮುಂದೆ ಪೇಂಟಿನ ಹಳೆಯ ಡಬ್ಬಗಳಲ್ಲಿ ಗಿಡಗಳು. ಹೂ ದೊಡ್ಡದೇನಲ್ಲ, ಎಂಟಾಣೆ ನಾಣ್ಯದಷ್ಟು. ಬಣ್ಣ ಮಾತ್ರ ಕಾಚು ಹಾಕಿದ ವೀಳ್ಯದ ಕೆಂಪು. ಪ್ರತಿ ಎಸಳಿನ ಅಂಚಿಗೂ ಕೂದಲೆಳೆಯಷ್ಟು ಹಳದಿ. ಸೀರೆಗೆ ಇಷ್ಟು ಸಣ್ಣ ಅಂಚು ಯಾರೂ ನೇಯಲಾರರು ಎನಿಸಿತು. ಎಲೆ ಉಜ್ಜಿ ಮೂಸಿದೆ. ಗೊಂಡೆಯ ಆ ಕಟು ವಾಸನೆಯಲ್ಲ, ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ.

ಅಂಗಡಿಯವರು ವಯಸ್ಸಾದ ಬ್ಯಾರಿ. ಹಜ್ ಮಾಡಿ ಬಂದವರಾದ್ದರಿಂದ ಸುತ್ತಲಿನವರೆಲ್ಲ ಹಾಜಿ ಎಂದೇ ಕರೆಯುತ್ತಿದ್ದರು. ನಾನು ಗಿಡದ ಎದುರು ಕುಕ್ಕರುಗಾಲಲ್ಲಿ ಕೂತದ್ದನ್ನು ಅವರು ನೋಡಿಯೇ ಇದ್ದರು.

"ಅದು ನನ್ನದಲ್ಲ ಅಕ್ಕ, ಮನೆಯವಳದ್ದು. ಎಲ್ಲಿಂದ ತಂದದ್ದು ಅಂತ ಅವಳಿಗೂ ಈಗ ನೆನಪಿಲ್ಲ. ಅಂಗಡಿ ಹಾಕಿದ ವರ್ಷದಿಂದ ಇಲ್ಲೇ ಉಂಟು" ಎಂದರು.

"ಇದರ ಬಿತ್ತು ಸಿಗ್ಬಹುದಾ ಹಾಜಿಯವರೇ?"

"ಈ ತಿಂಗಳು ಅಂಗಡಿ ಬಿಡ್ತಾ ಇದ್ದೇವೆ. ನನಗೂ ಆಗುದಿಲ್ಲ, ಅವಳಿಗೂ ಮೊಣಕಾಲು ನೋವು. ಇನ್ನು ಕಡಬದಲ್ಲಿ ಮಗಳ ಮನೆ. ಈ ಡಬ್ಬ ಎಲ್ಲ ಹೊತ್ತುಕೊಂಡು ಹೋಗ್ಲಿಕ್ಕೆ ಆಗುದಿಲ್ಲ, ಬಿತ್ತು ತೆಗೆದಿಟ್ಟಿದ್ದಾಳೆ."

ಬೆಲ್ಲದ ಡಬ್ಬದ ಹಿಂದಿನಿಂದ ಅವರು ಒಂದು ಕಾಗದದ ಪೊಟ್ಟಣ ತೆಗೆದರು. ಒಳಗಿದ್ದದ್ದು ಒಣಗಿದ ನಾಲ್ಕು ಹೂ. ಎರಡನ್ನು ಬೇರೆ ಕಾಗದಕ್ಕೆ ಹಾಕಿ ಮಡಚಿ ನನ್ನ ಕೈಗಿಟ್ಟರು.

"ಎರಡು ಕಡೆ ಇದ್ರೆ ಒಂದು ಕಡೆಯಾದ್ರೂ ಉಳಿಯುದು. ಯಾರದ್ದಾದ್ರೂ ಹೋದ್ರೆ ಇನ್ನೊಬ್ಬರು ಕೊಡ್ಬೇಕು. ಆಗ್ಬಹುದಾ?"

"ಆಗ್ಬಹುದು" ಎಂದೆ. ಫೋನ್ ನಂಬರ್ ಕೊಟ್ಟು ತೆಗೆದುಕೊಂಡು ಬಸ್ಸು ಹತ್ತಿದೆ.

ಸುಳ್ಯ ಬರುವವರೆಗೆ ಪೊಟ್ಟಣ ಬಿಚ್ಚದೆ ಕೂತದ್ದೇ ದೊಡ್ಡದು. ಅಲ್ಲಿ ಬಸ್ಸು ನಿಂತಾಗ ಒಂದು ಹೂವಿನ ಒಣ ಬುಡವನ್ನು ಸೀಳಿ ನೋಡಿಯೇಬಿಟ್ಟೆ. ಕಪ್ಪು ಸೂಜಿಗಳು ಒತ್ತೊತ್ತಾಗಿ ಕೂತಿದ್ದವು, ಒಂದೊಂದರ ತುದಿಗೂ ಹುಲ್ಲಿನ ಬಣ್ಣದ ಸಣ್ಣ ಬಾಲ. ನಾನು ದಿನವಿಡೀ ಸೂಜಿಯ ಜೊತೆ ಬದುಕುವವಳು. ನನ್ನ ವಸ್ತುವೇ ಹೂವಿನೊಳಗೆ ಕೂತಿರುವುದನ್ನು ಕಂಡು ಬಹಳ ಖುಷಿಯಾಯಿತು. ಪಕ್ಕದಲ್ಲಿ ಕೂತವರಿಗೂ ತೋರಿಸಿದೆ. ಅವರು ಹೌದಾ ಎಂದು ಕಿಟಕಿಯ ಕಡೆ ತಿರುಗಿದರು.

ಮೊದಲ ಮಳೆಗೆ ಗೋಡೆಯ ಬುಡದಲ್ಲಿ ಬಿತ್ತಿದೆ. ಹುಟ್ಟಿದ್ದು ನಾಲ್ಕೇ ಗಿಡ. ಜುಲೈಯಲ್ಲಿ ಹಾಜಿಯವರ ಫೋನ್ ಬಂತು. ಮಗಳ ಅಂಗಳದಲ್ಲಿ ಬಿತ್ತಿದ್ದನ್ನು ಕೋಳಿಗಳು ಕೆದಕಿ ಒಂದೂ ಉಳಿದಿಲ್ಲವಂತೆ. ಹಿಂದಿನಿಂದ ಹೆಂಗಸಿನ ದನಿ, ಅವರಲ್ಲಿ ಎಷ್ಟು ಉಂಟು ಕೇಳಿ, ಎಷ್ಟು ಉಂಟು ಕೇಳಿ ಎಂದು ಅವಸರಪಡಿಸುತ್ತಿತ್ತು. ನಾಲ್ಕು ಎಂದೆ. ಆ ಕಡೆ ಸಮಾಧಾನದ ಉಸಿರು ಕೇಳಿಸಿತು. "ಮಳೆ ಬಿಟ್ಟ ಮೇಲೆ ನಾನೇ ಕಡಬಕ್ಕೆ ತಂದುಕೊಡ್ತೇನೆ" ಎಂದು ಜಂಬದಿಂದಲೇ ಹೇಳಿದೆ. ಆ ಹೂವಿನ ಜಾತಿ ಈಗ ನನ್ನ ಗೋಡೆಯ ಬುಡದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ, ಕಡೇಪಕ್ಷ ನಮ್ಮ ಮೂವರಿಗೆ ಗೊತ್ತಿದ್ದ ಹಾಗೆ.

ಆಗಸ್ಟ್ ನಡುವಿಗೆ ಸೋಣ ತಿಂಗಳು ಹುಟ್ಟಿತು, ಗೊಂಡೆಯೂ ಅರಳಿತು. ಸೋಣದ ಒಂದು ತಿಂಗಳು ನಮ್ಮ ಕಡೆ ಹೊಸ್ತಿಲಿಗೆ ಪೂಜೆ. ಹೆಂಗಸರು ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ರಂಗೋಲಿ ಎಳೆದು, ಸಾಲಾಗಿ ಹೂ ಇಟ್ಟು ಕೈ ಮುಗಿಯುತ್ತಾರೆ. ಆ ತಿಂಗಳಲ್ಲಿ ಹೂವಿಗೆ ಎಷ್ಟು ಬೇಡಿಕೆಯೆಂದರೆ ಕಾಂಪೌಂಡುಗಳಲ್ಲಿ ಎಲೆ ಮಾತ್ರ ಉಳಿಯುತ್ತದೆ.

ನಮ್ಮ ಅಡ್ಡರಸ್ತೆಯ ಕೊನೆಯ ಹಂಚಿನ ಮನೆಯಲ್ಲಿ ಒಬ್ಬರು ಹಿರಿಯ ಅಮ್ಮ ಇದ್ದಾರೆ. ಮನೆ ತುಂಬ ಜನ, ಆದರೆ ಹೂ ಕೊಯ್ಯುವ ಕೆಲಸ ಅವರದ್ದೇ, ಅದನ್ನು ಸೊಸೆಯಂದಿರಿಗೂ ಬಿಟ್ಟುಕೊಡುವುದಿಲ್ಲ. ಕೊಡೆಯ ಹಿಡಿ ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಎಡಗೈಯಲ್ಲಿ ಬುಟ್ಟಿ ಹಿಡಿದು, ಬಲಗೈಯನ್ನು ನನ್ನ ಗೋಡೆಯೊಳಗೆ ಇಳಿಬಿಡುತ್ತಿದ್ದರು. ಅವರು ಸಿಕ್ಕಿದ್ದನ್ನು ಬಾಚುವವರಲ್ಲ. ಪೂರ್ತಿ ಅರಳಿ, ಇನ್ನೇನು ಬಾಡುತ್ತದೆ ಎನ್ನುವ ದೊಡ್ಡ ಹೂವನ್ನು ಮಾತ್ರ ಆರಿಸಿ, ಅರೆ ಅರಳಿದ್ದನ್ನು ನಾಳೆಗೆ ಬಿಡುತ್ತಿದ್ದರು. ನನಗೆ ಬೀಜಕ್ಕೆ ಬೇಕಾಗಿದ್ದದ್ದು ಸರಿಯಾಗಿ ಆ ಹೂವುಗಳೇ. ಕಿಟಕಿಯ ಹಿಂದೆ ಚಹಾ ಲೋಟ ಹಿಡಿದು ನಿಂತು ನೋಡುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

"ಬಾಯಿ ಬಿಟ್ಟು ಹೇಳು ಮಾರಾಯ್ತಿ" ಎಂದರು ಗಂಡ. "ಎರಡು ಹೂ ಬಿಡಿ ಅಮ್ಮ, ಬಿತ್ತಿಗೆ ಬೇಕು ಅಂತ. ಅದಕ್ಕೆಂತ ಕಷ್ಟ?"

ಕಷ್ಟವೇ. ಹೊಸ್ತಿಲಿಗೆ ಹೋಗುವ ಹೂವನ್ನು ಬೇಡ ಎಂದು ಹೇಗೆ ಹೇಳುವುದು? ಊರಿಡೀ ಆಡಿಕೊಳ್ಳುವುದಿಲ್ಲವೇ? ಮೂಗಿನ ತುದಿಯಲ್ಲಿ ಕೋಪ ಇರುವವಳು ನಾನು, ಗಿರಾಕಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತೇನೆ. ಈ ಒಂದು ಮಾತಿಗೆ ಮಾತ್ರ ನಾಲಿಗೆ ಏಳಲಿಲ್ಲ. ಎರಡು ವಾರ ಹಾಗೆಯೇ ಹೋಯಿತು.

ಕೊನೆಗೆ ಒಂದು ಸಂಜೆ ಉಪಾಯ ಹೊಳೆಯಿತು. ಮದುಮಗಳ ರವಕೆಗೆ ಕತ್ತರಿಸಿ ಉಳಿದ ಕೆಂಪು ಲೈನಿಂಗ್ ಬಟ್ಟೆ ಮೇಜಿನ ಮೇಲಿತ್ತು. ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಏಳು ಒಳ್ಳೆಯ ಹೂ ಆರಿಸಿ, ಒಂದೊಂದಕ್ಕೂ ಟೋಪಿಯ ಹಾಗೆ ಹಾಕಿ ಬುಡಕ್ಕೆ ದಾರದಿಂದ ಗಂಟು ಬಿಗಿದೆ. ಬೀಜ ಬಲಿತು ಉದುರಿದರೂ ಗಂಟಿನೊಳಗೇ ಇರುತ್ತದೆ, ಹೂ ಕಣ್ಣಿಗೆ ಬೀಳದಿದ್ದರೆ ಯಾರೂ ಕೊಯ್ಯುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಗಿಡದ ಬಲವೆಲ್ಲ ಆ ಏಳಕ್ಕೇ ಹೋಗಲಿ ಎಂದು ಉಳಿದ ಮೊಗ್ಗುಗಳನ್ನೆಲ್ಲ ಚಿವುಟಿ ಹಾಕಿದೆ.

ಮರುದಿನ ಬೆಳಿಗ್ಗೆ ಆ ಅಮ್ಮ ಬಂದರು. ಕೈ ಗೋಡೆಯೊಳಗೆ ಇಳಿಯಿತು, ಅಲ್ಲೇ ನಿಂತಿತು. ಕತ್ತು ಚಾಚಿ ಒಂದೊಂದೇ ಗಂಟು ನೋಡಿದರು, ತುಟಿ ಅಲ್ಲಾಡಿತು, ಎಣಿಸುತ್ತಿದ್ದಿರಬೇಕು. ಕೈ ಮೆಲ್ಲನೆ ಹಿಂದಕ್ಕೆ ಬಂತು. ಪಕ್ಕದಲ್ಲೇ ತೂಗುತ್ತಿದ್ದ ದಾಸವಾಳವನ್ನೂ ಮುಟ್ಟದೆ, ರಸ್ತೆಯ ಆ ಬದಿಗೆ ದಾಟಿ ಹೊರಟುಹೋದರು. ಮರುದಿನ ಅವರು ಬರಲಿಲ್ಲ. ಬೇರೆಯವರೂ ಬರಲಿಲ್ಲ. ನಮ್ಮ ಗೋಡೆಯ ದಾಸವಾಳ ವರ್ಷಗಳ ನಂತರ ಮೊದಲ ಬಾರಿಗೆ ಗಿಡದಲ್ಲೇ ಬಾಡಿತು.

ನಾಲ್ಕನೆಯ ದಿನ ಸೀರೆಗೆ ಫಾಲ್ ಹಾಕಿಸಲು ಬಂದ ಗಿರಾಕಿಯೊಬ್ಬರು ದನಿ ತಗ್ಗಿಸಿ ಕೇಳಿದರು. "ಅಕ್ಕ, ಮನೆಯಲ್ಲಿ ಎಂತಾದ್ರೂ ತೊಂದರೆ ಉಂಟಾ? ಪ್ರಶ್ನೆ ಇಡಿಸಿದ್ದೀರಿ ಅಂತ ಹೇಳ್ತಾ ಇದ್ರು."

ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ಅವರು ಹೇಳಿದಂತೆ ಏನೋ ಕಟ್ಟುವುದು ಎಲ್ಲ ನಮ್ಮ ಊರಿನಲ್ಲಿ ಇದ್ದದ್ದೇ. ಕೆಂಪು ಬಟ್ಟೆ, ಗೇಟಿನ ಪಕ್ಕ, ಅದೂ ಏಳು ಗಂಟು. ನೋಡಿದವರು ಬೇರೆ ಏನು ತಿಳಿದುಕೊಳ್ಳಬೇಕು? ನನಗೆ ನಗು ಬಂತು, ತಡೆದುಕೊಂಡೆ. "ಹಾಗೆಂತ ಇಲ್ಲ" ಎಂದು ಅರ್ಧ ಬಾಯಲ್ಲಿ ಹೇಳಿ, ಫಾಲಿಗೆ ಯಾವ ಬಣ್ಣದ ದಾರ ಬೇಕು ಎಂದು ಮಾತು ತಿರುಗಿಸಿದೆ. ಬೀಜಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ಎಲ್ಲಿ ಸಿಗುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ನಾನು ಮಾಡಿದ ತಪ್ಪು ಗಂಟು ಕಟ್ಟಿದ್ದಲ್ಲ, ಈ ಅರ್ಧ ಬಾಯಿಯ ಉತ್ತರ.

ಸೋಣ ಕಳೆಯಿತು, ಮಳೆ ಕಳೆಯಲಿಲ್ಲ. ನವರಾತ್ರಿಯವರೆಗೂ ದಿನ ಬಿಟ್ಟು ದಿನ ಸುರಿಯಿತು. ಗಂಟು ಬಿಚ್ಚಿ ನೋಡಲು ಕೈ ತುರಿಸುತ್ತಿತ್ತು. ಆದರೆ ಈ ಸಲ ಹಾಳುಮಾಡಬಾರದು, ಎರಡು ಮನೆಯವರ ಬೀಜ ಇದು ಎಂದು ಬುದ್ಧಿ ಹೇಳಿಕೊಂಡು ತಡೆದುಕೊಂಡೆ. ಹುಟ್ಟಿದ ಮೇಲೆ ಒಮ್ಮೆ ನಾನು ಕುತೂಹಲ ಹತ್ತಿಕ್ಕಿದ್ದರೆ ಅದು ಆ ಐದು ವಾರ. ಬಿಚ್ಚುವುದಿದ್ದರೆ ಆಗಲೇ ಬಿಚ್ಚಬೇಕಿತ್ತು. ಬಿಸಿಲು ಬಂದ ದಿನ ಮೊದಲ ಗಂಟು ಬಿಚ್ಚಿದಾಗ ಒಳಗೆ ಹೂವೂ ಇರಲಿಲ್ಲ, ಬೀಜವೂ ಇರಲಿಲ್ಲ. ಬೂದು ಬಣ್ಣದ ಬೂಸ್ಟು ಬೆಳೆದ ಒಂದು ಕರಿ ಮುದ್ದೆ. ಎರಡನೆಯದು ಹಾಗೆಯೇ. ಏಳೂ ಹಾಗೆಯೇ. ಆ ಲೈನಿಂಗ್ ಬಟ್ಟೆ ಬೆವರು ಹೀರುವುದಿಲ್ಲ, ಅದರಲ್ಲಿ ಗಾಳಿ ಆಡುವುದಿಲ್ಲ ಎಂದು ಗಿರಾಕಿಗಳಿಗೆ ದಿನಾ ಹೇಳುವವಳು ನಾನೇ. ಗಿಡಗಳ ಬುಡವೂ ನೀರು ನಿಂತು ಕೊಳೆತಿತ್ತು, ಹಿಡಿದರೆ ಕೈಗೆ ಕಿತ್ತು ಬಂತು. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತೆ. ಗಂಡ ಬಂದು ನೋಡಿ, ಆ ದಿನ ಮಾತ್ರ ಗೇಲಿ ಮಾಡಲಿಲ್ಲ.

ಅದೇ ವಾರ ಹಾಜಿಯವರ ಫೋನ್. "ಮನೆಯವಳು ಅಂಗಳದಲ್ಲಿ ಜಾಗ ಮಾಡಿಸಿ ಬಲೆ ಕಟ್ಟಿಸಿದ್ದಾಳೆ ಅಕ್ಕ, ಇನ್ನು ಕೋಳಿ ಬರುದಿಲ್ಲ. ನಿಮ್ಮದು ಆಯ್ತಾ?"

"ಇನ್ನೂ ಸ್ವಲ್ಪ ಒಣಗ್ಬೇಕು" ಎಂದೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಸುಳ್ಳು ಹೇಳುವುದರಲ್ಲಿ ನಾನು ಪಳಗುತ್ತಿದ್ದೇನೆ ಎನಿಸಿತು.

ಆ ಅಮ್ಮ ಸೋಣಕ್ಕೆ ಮುಂಚೆ ಹೊಲಿಯಲು ಕೊಟ್ಟಿದ್ದ ರವಕೆಯೊಂದು ನನ್ನಲ್ಲೇ ಉಳಿದಿತ್ತು. ಯಾರನ್ನೂ ಕಳಿಸಿ ತರಿಸಿಕೊಂಡಿರಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಅದನ್ನು ಮಡಚಿ ಚೀಲಕ್ಕೆ ಹಾಕಿ ನಾನೇ ಹೊರಟೆ. ಹಾಜಿಯವರಿಗೆ ಹೇಳಲಾಗದ ನಿಜವನ್ನು ಇವರಿಗಾದರೂ ಹೇಳಿ ಎದೆ ಹಗುರ ಮಾಡಿಕೊಳ್ಳಬೇಕು ಎಂದಿತ್ತು.

ಅವರು ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ನನ್ನನ್ನು ಕಂಡವರೇ ಎದ್ದುನಿಂತರು. "ಎಲ್ಲ ಸರಿಯಾಯ್ತಾ ನಿನ್ನ ಮನೆಯಲ್ಲಿ?" ಎಂದು ಕೇಳಿದರು. "ಕೇಳ್ಬೇಕು ಅಂತ ಎಣಿಸಿದ್ದೆ, ನಿನಗೆ ಬೇಜಾರಾಗುದು ಬೇಡ ಅಂತ ಸುಮ್ಮನಿದ್ದೆ. ಸೋಣ ಮುಗಿಯುವವರೆಗೂ ಹೊಸ್ತಿಲಿಗೆ ಹೂ ಇಡುವಾಗ ನಿನ್ನ ಹೆಸರಲ್ಲಿ ಒಂದು ಬೇರೆ ಇಡ್ತಾ ಇದ್ದೆ. ಆ ಮನೆಯ ಕಷ್ಟ ಹೋಗ್ಲಿ ಅಂತ."

ನಿಂತ ನೆಲ ಬಿರಿಯಬಾರದೇ ಎನಿಸಿತು. ಕೂತು ಎಲ್ಲ ಹೇಳಿದೆ. ಅರಂತೋಡಿನ ಅಂಗಡಿ, ಕೋಳಿ ಕೆದಕಿದ್ದು, ಕಿಟಕಿಯ ಹಿಂದೆ ನಿಂತು ಹೊಟ್ಟೆ ಉರಿದುಕೊಂಡದ್ದು, ಗಿರಾಕಿಗೆ ಕೊಟ್ಟ ಅರ್ಧ ಉತ್ತರ, ಕೊನೆಗೆ ಬೂಸ್ಟು. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೂ ಎರಡು ಬತ್ತಿ ಹೊಸೆದರು.

"ನಾನು ಕೊಯ್ದದ್ದು ನಿನಗೆ ಕದ್ದ ಹಾಗೆ ಕಂಡಿತಾ?"

"ಕಂಡಿತು ಅಮ್ಮ" ಎಂದೆ. ಇನ್ನೂ ಒಂದು ಸುಳ್ಳಿಗೆ ನನ್ನಲ್ಲಿ ತ್ರಾಣ ಇರಲಿಲ್ಲ.

"ಒಂದು ಮಾತು ಹೇಳಿದ್ರೆ ಆಗ್ತಿತ್ತು. ನನ್ನ ಬುಟ್ಟಿಗೆ ನಿನ್ನ ಎರಡು ಹೂವೇ ಆಗ್ಬೇಕು ಅಂತ ಎಂತ ಇಲ್ಲ." ಮುಖ ಸಣ್ಣದಾಗಿತ್ತು. ಹೊಸೆದ ಬತ್ತಿಗಳನ್ನು ಬದಿಗಿಟ್ಟು, "ಬಾ, ಬಸಳೆ ಬಂದಿದೆ, ನಾಲ್ಕು ದಂಟು ಕೊಡ್ತೇನೆ" ಎಂದು ಎದ್ದರು. ನಮ್ಮ ಕಡೆ ಸಿಟ್ಟು ಬಂದರೂ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ.

ಮನೆಯ ಹಿಂದೆ ಬಚ್ಚಲಿನ ಕೊಟ್ಟಿಗೆ, ಅದರಾಚೆ ಒಂದು ತೆಂಗಿನ ಮರ, ಪಕ್ಕದಲ್ಲಿ ಬಸಳೆ ಚಪ್ಪರ. ತೆಂಗಿನ ಬುಡದ ಸುತ್ತ ಮೊಣಕಾಲೆತ್ತರ ಹಸಿರು ಹಬ್ಬಿತ್ತು. ನಾನು ಅದನ್ನು ದಾಟಿ ಚಪ್ಪರದ ಕಡೆ ಹೊರಟವಳು ನಿಂತೆ. ಎಲೆ ಕಂಡ ಹಾಗಿತ್ತು.

"ಇದು ಎಂತ ಗಿಡ ಅಮ್ಮ?"

"ಯಾರಿಗೆ ಗೊತ್ತು? ಈ ಸಲ ಹುಟ್ಟಿದ್ದು. ನಾಳೆ ಕೆಲಸದವಳು ಬಂದ್ರೆ ಕೀಳಿಸ್ಬೇಕು."

ಬಗ್ಗಿ ಒಂದು ಎಲೆ ಕಿತ್ತು ಬೆರಳುಗಳ ನಡುವೆ ಉಜ್ಜಿದೆ. ಕಿತ್ತಳೆ ಸಿಪ್ಪೆ. ಇನ್ನೊಂದು ಗಿಡದ್ದು ಉಜ್ಜಿದೆ. ಅದೂ ಕಿತ್ತಳೆ. ಒಂದರ ತುದಿಯಲ್ಲಿ ಬಿರಿಯಲು ಹೊರಟ ಮೊಗ್ಗಿತ್ತು, ಅದರ ಬಾಯಲ್ಲಿ ಕಾಚಿನ ಕೆಂಪು ಇಣುಕುತ್ತಿತ್ತು. ನಾನು ಅಲ್ಲೇ ಕೂತುಬಿಟ್ಟೆ.

ಆಮೇಲೆ ಕೇಳಿ ಕೇಳಿ ತಿಳಿದುಕೊಂಡದ್ದು ಇದು. ಹೊಸ್ತಿಲಿಗಿಟ್ಟ ಹೂ ಬಾಡಿದ ಮೇಲೆ ಅದನ್ನು ಯಾರೂ ತುಳಿಯಬಾರದು. ಮಳೆಗಾಲದಲ್ಲಿ ಹೊರಗೆ ಹಾಕಿದರೆ ನೀರಿಗೆ ಹರಿದು ದಾರಿಗೆ ಬರುತ್ತದೆ. ಅದಕ್ಕೇ ಆ ಅಮ್ಮ ದಿನದಿನದ ಬಾಡಿದ ಹೂವನ್ನು ಒಂದು ಬೆತ್ತದ ಬುಟ್ಟಿಗೆ ಹಾಕಿ, ಬಚ್ಚಲಿನ ಹಂಡೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ದಿನಾ ಸೌದೆ ಉರಿದು, ಹೊಗೆ ತಾಗಿ, ಹೂ ಗರಿಗರಿ ಒಣಗುತ್ತಿತ್ತು. ಸೋಣದ ಕೊನೆಯ ದಿನ ಬುಟ್ಟಿಯನ್ನು ತೆಂಗಿನ ಬುಡಕ್ಕೆ ಸುರಿದು ಕೈ ಮುಗಿಯುವುದು. ಅವರ ಅತ್ತೆಯೂ ಹಾಗೆಯೇ ಮಾಡುತ್ತಿದ್ದರಂತೆ. ನನ್ನ ಗೋಡೆಯಿಂದ ಎರಡು ವಾರ ಕೊಯ್ದ ಹೂಗಳೆಲ್ಲ ಆ ಬುಟ್ಟಿಯಲ್ಲಿದ್ದವು. ಬಾಡುವುದಕ್ಕಾದ ದೊಡ್ಡ ಹೂವನ್ನೇ ಆರಿಸುತ್ತಿದ್ದರಲ್ಲ, ಅವುಗಳಲ್ಲಿ ಕೆಲವಕ್ಕೆ ಕೊಯ್ಯುವ ಹೊತ್ತಿಗೇ ಬೀಜ ಕಟ್ಟಿತ್ತೋ, ಕೊಯ್ದ ಮೇಲೆ ಒಲೆಯ ಕಾವಿನಲ್ಲಿ ಬಲಿಯಿತೋ, ನನಗೆ ಇಂದಿಗೂ ಗೊತ್ತಿಲ್ಲ. ಆ ಮೇಲೆ ಬೇರೆ ಬೇರೆ ವಯಸ್ಸಿನ ಹೂ ಕೊಯ್ದು, ಅದೇ ಅಟ್ಟದ ಮೇಲಿಟ್ಟು ಬಿಡಿಸಿ ನೋಡಿದೆ. ಮೂರು ದಿನದ ಹೂವಿನಲ್ಲಿ ಎಲ್ಲ ಬಿಳಿ ಸೂಜಿ, ಎಂಟು ದಿನದ್ದರಲ್ಲಿ ಹೊರಸುತ್ತು ಮಾತ್ರ ಕಪ್ಪು. ಉಳಿದದ್ದು ಇನ್ನೂ ನೋಡಬೇಕು.

ಆ ದಿನ ತೆಂಗಿನ ಬುಡದಲ್ಲಿ ಕೂತೇ ನಾನು ಆ ಅಮ್ಮನನ್ನು ಕೇಳಿದೆ. "ಇದರಲ್ಲಿ ಐದಾರು ಹೂ ನನಗೆ ಬಿತ್ತಿಗೆ ಬಿಡ್ತೀರಾ ಅಮ್ಮ?"

"ಬಿಡುವ" ಎಂದರು. ಆಗ ಮೊದಲ ಬಾರಿ ನಕ್ಕರು. "ಕೆಂಪು ಬಟ್ಟೆ ಮಾತ್ರ ಕಟ್ಬೇಡ. ನನ್ನ ಸೊಸೆ ಹೆದರ್ತಾಳೆ."

ಮನೆಗೆ ಬಂದವಳೇ ಹಾಜಿಯವರಿಗೆ ಫೋನ್ ಮಾಡಿ, ಒಣಗಬೇಕು ಎಂದದ್ದು ಸುಳ್ಳು, ನನ್ನಲ್ಲಿ ಒಂದೂ ಉಳಿದಿರಲಿಲ್ಲ, ಈಗ ಬೇರೆ ಕಡೆ ಸಿಕ್ಕಿದೆ ಎಂದು ಹೇಳಿದೆ. ಅವರು ಬೈಯಲಿಲ್ಲ. "ಉಂಟಲ್ಲ, ಅಷ್ಟು ಸಾಕು" ಎಂದರು.

ಜನವರಿಯ ಕೊನೆಗೆ ಬೀಜ ತಯಾರಾಯಿತು. ಬಟನ್ ಡಬ್ಬಿಯೊಂದರಲ್ಲಿ ಅರ್ಧ ನನ್ನದು, ಕಾಗದದ ಪೊಟ್ಟಣದಲ್ಲಿ ಅರ್ಧ ಅವರದು. ನನ್ನ ಪಾಲನ್ನು ಈ ಸಲ ಮನೆಯ ಹಿಂದೆ, ಒಗೆಯುವ ಕಲ್ಲಿನ ಆಚೆ ಬಿತ್ತುವುದೆಂದು ಆಗಲೇ ತೀರ್ಮಾನ ಮಾಡಿಯಾಗಿತ್ತು. ಅಲ್ಲಿಗೆ ರಸ್ತೆಯಿಂದ ಯಾರ ಕೈಯೂ ಬರುವುದಿಲ್ಲ. ಆ ಅಮ್ಮನ ಮೇಲೆ ಸಿಟ್ಟು ಇರಲಿಲ್ಲ. ಆದರೂ ಜಾಗ್ರತೆ ಒಳ್ಳೆಯದಲ್ಲವೇ ಎಂದು ನನ್ನ ವಾದ.

ಪುತ್ತೂರಿನಿಂದ ಕಡಬಕ್ಕೆ ಬಸ್ಸಿನಲ್ಲಿ ಹೋದೆ. ಹಾಜಿಯವರು ಗೇಟಿನಲ್ಲೇ ಕಾಯುತ್ತಿದ್ದರು. ಅವರ ಹೆಂಡತಿ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಎದುರಿಗೇ ಬಲೆ ಕಟ್ಟಿದ ಖಾಲಿ ಮಡಿ. ಫೋನಿನಲ್ಲಿ ದನಿ ಕೇಳಿದ್ದು ಬಿಟ್ಟರೆ ಅವರನ್ನು ನಾನು ನೋಡಿದ್ದು ಅದೇ ಮೊದಲು. ಮಗಳು ಕರೆದ ಹಾಗೆ ನಾನೂ ಉಮ್ಮ ಎಂದೇ ಕರೆದೆ. ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ಹೊಗೆ ವಾಸನೆ ಉಂಟು. ಒಲೆ ಮೇಲೆ ಒಣಗಿಸಿದ್ದಾ?"

ಪೂರ್ತಿ ಕಥೆ ಹೇಳಿದೆ, ನನ್ನನ್ನು ಎಲ್ಲೂ ಉಳಿಸಿಕೊಳ್ಳದೆ. ಏಳು ಕೆಂಪು ಗಂಟಿನ ಜಾಗ ಬಂದಾಗ ಉಮ್ಮ ತಲೆಯ ಮೇಲಿನ ಬಟ್ಟೆಯ ತುದಿ ಬಾಯಿಗೆ ಅಡ್ಡ ಹಿಡಿದು ಕುರ್ಚಿ ಅಲ್ಲಾಡುವಷ್ಟು ನಕ್ಕರು. ಬೂಸ್ಟಿನ ಜಾಗಕ್ಕೆ ಬಂದಾಗ ನನ್ನ ಕೈ ಹಿಡಿದುಕೊಂಡರು. ತೆಂಗಿನ ಬುಡದ ಮಾತು ಮುಗಿದ ಮೇಲೆ ಎದುರಿನ ಮಡಿಯ ಕಡೆ ನೋಡಿದರು.

"ಈ ವರ್ಷ ನೀವು ಎಲ್ಲಿ ಹಾಕುದು?" ಎಂದು ಕೇಳಿದರು.

"ಮನೆಯ ಹಿಂದೆ ಉಮ್ಮ. ಅಲ್ಲಿಗೆ ಯಾರ ಕೈಯೂ ಎಟುಕುದಿಲ್ಲ."

"ಬೇಡ. ಗೋಡೆ ಹತ್ತಿರವೇ ಹಾಕಿ. ಆ ಅಮ್ಮನಿಗೆ ಕೈಗೆ ಸಿಗುವ ಹಾಗೆ." ಪೊಟ್ಟಣ ಮಡಚುತ್ತಾ ಅವರು ಹೇಳಿದರು, "ಕೊಯ್ಯದೆ ಕಾದು ಇಟ್ಟದ್ದು ಎಂತ ಆಯ್ತು ಅಂತ ನೋಡಿದ್ರಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಉಮ್ಮನ ಮಾತನ್ನೇ ಮತ್ತೆ ಮತ್ತೆ ತಿರುವಿ ನೋಡಿದೆ. ಇಷ್ಟೆಲ್ಲ ಕಾಯಿ ಸೀಳಿ, ಬೀಜ ಎಣಿಸಿ, ಬಣ್ಣ ನೋಡಿದವಳಿಗೆ ಕಣ್ಣೆದುರಿಗಿದ್ದ ಇದೊಂದು ಕಂಡಿರಲಿಲ್ಲ. ಕೂತಲ್ಲಿಂದ ಏಳಲಾಗದ ಉಮ್ಮನಿಗೆ ಕಂಡಿತು.

ಈ ವರ್ಷ ಮಳೆ ಹಿಡಿದು ಹತ್ತು ದಿನವಾಯಿತು. ಗೋಡೆಯ ಬುಡದಲ್ಲಿ ಗೊಂಡೆ ನಾಲ್ಕೆಲೆ ಬಿಟ್ಟಿದೆ, ಬಲೆಯ ಒಳಗೆ ತಮ್ಮದು ಆರೆಲೆ ಎಂದು ಕಡಬದಿಂದ ಫೋನ್ ಬಂದಿದೆ. ಬಿತ್ತುವ ಮೊದಲು ಒಂದು ಬೆಳಿಗ್ಗೆ ಆ ಅಮ್ಮ ದಾಸವಾಳಕ್ಕೆ ಬಂದಾಗ ನಾನು ಟೇಪು ಹಿಡಿದು ಹೊರಗೆ ಹೋದೆ. ಕೈಯನ್ನು ಗೋಡೆಯೊಳಗೆ ಇಳಿಬಿಡಲು ಹೇಳಿ, ಬೆರಳ ತುದಿ ಎಲ್ಲಿಯವರೆಗೆ ಬರುತ್ತದೆ ಎಂದು ಅಳೆದುಕೊಂಡೆ. ಯಾಕೆ ಎಂದು ಅವರು ಕೇಳಲಿಲ್ಲ, ರವಕೆಗೆ ಅಳತೆ ಕೊಡುವ ಹಾಗೆ ಅಲ್ಲಾಡದೆ ನಿಂತರು. ಗೋಡೆಯಿಂದ ಒಂದು ಮೊಳ ಬಂತು. ಅದರೊಳಗೇ ಎಲ್ಲವನ್ನೂ ಬಿತ್ತಿದ್ದೇನೆ.